ಮೂರನೇ ವರ್ಷವೂ ಕತ್ತು ಉದ್ದ ಮಾಡಿಕೊಂಡ ಎಚೆವೇರಿಯಾ. ಮತ್ತೆ ಕತ್ತರಿಸಬೇಕಾ?

ಮೂರನೇ ಮಹಡಿ (ಬೆಂಗಳೂರು), ಜುಲೈ 8

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಎರಡೂವರೆ ವರ್ಷದ ಹಿಂದೆ, ಜನವರಿಯಲ್ಲಿ ಲಾಲ್‌ಬಾಗ್ ಫ್ಲವರ್ ಶೋ ನೋಡಿಕೊಂಡು ಬರುವಾಗ ಒಂದು ಎಚೆವೇರಿಯಾ ತಂದೆ. ದಪ್ಪ ಎಲೆಯಲ್ಲಿ ನೀರು ಕೂಡಿಡುವ ಸಕ್ಯುಲೆಂಟ್ ಜಾತಿ, ಅಂಗೈ ಅಗಲದ ಗಿಡ. ಎಲೆಗಳು ಒತ್ತೊತ್ತಾಗಿ ಹೂವಿನಂತೆ ಕೂತಿದ್ದವು, ಅಂಚಿಗೆ ಗುಲಾಬಿ ಬಣ್ಣ. ಮಾರ್ಚ್‌ವರೆಗೂ ಹಾಗೇ ಇತ್ತು. ಆಮೇಲೆ ನಿಧಾನಕ್ಕೆ ಕತ್ತು ಎತ್ತಲು ಶುರು ಮಾಡಿತು. ಜುಲೈ ಹೊತ್ತಿಗೆ ಗೇಣುದ್ದ ಕಾಂಡ, ಬೆರಳಿಗೊಂದು ಎಲೆ, ತುದಿಯಲ್ಲಿ ಮಂಕು ಹಸಿರು ತಲೆ. ವೀಡಿಯೊ ನೋಡಿ ತಲೆ ಕತ್ತರಿಸಿ ನೆಟ್ಟೆ. ಬೇರು ಬಂತು, ಚಳಿಗಾಲದಲ್ಲಿ ಮತ್ತೆ ಚೆಂದ ಆಯಿತು. ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕಥೆ. ಮತ್ತೆ ಕತ್ತರಿಸಿದೆ. ಈಗ ಮೂರನೇ ಸಲ. ನನ್ನ ಹೆಂಡತಿ ಇದಕ್ಕೆ ಜಿರಾಫೆ ಅಂತ ಹೆಸರಿಟ್ಟಿದ್ದಾಳೆ.

ನೀರು 10 ದಿನಕ್ಕೊಮ್ಮೆ. ಬೆಳಕು ಕಡಿಮೆ ಆಯಿತು ಅನ್ನಬೇಡಿ, ದಕ್ಷಿಣಕ್ಕೆ ತೆರೆದ ಬಾಲ್ಕನಿಯ ಕಟಕಟೆ ಮೇಲೇ ಇದೆ. ಎಲ್ಲಾ ವೀಡಿಯೊಗಳೂ ದಕ್ಷಿಣದ ಕಿಟಕಿಯೇ ಬೆಸ್ಟ್ ಎನ್ನುತ್ತವೆ. ಮತ್ತೇನು ತಪ್ಪು?

ಗುಂಡಿಗೆ ಗೊಬ್ಬರ (ಮಂಡ್ಯ), ಜುಲೈ 8

ಗೊಬ್ಬರ ಜಾಸ್ತಿ ಹಾಕಿದ್ದೀರಾ? ಎರೆಗೊಬ್ಬರ ತುಂಬಿಸಿದ ಕುಂಡದಲ್ಲಿ ಸಕ್ಯುಲೆಂಟ್ ಮೆತ್ತಗೆ ಉದ್ದಕ್ಕೆ ಏಳುತ್ತದೆ. ನನ್ನದು ಹಾಗೇ ಆಗಿತ್ತು.

ಮೂರನೇ ಮಹಡಿ, ಜುಲೈ 8

ಇಲ್ಲ ಅಣ್ಣ. ವರ್ಷಕ್ಕೆ ಒಂದು ಹಿಡಿ, ಅದೂ ಕುಂಡ ಬದಲಾಯಿಸುವಾಗ.

ಬಿಸಿಲೂರು (ಬಳ್ಳಾರಿ), ಜುಲೈ 8

ನೀವು ಬೆಂಗಳೂರಿನವರು ಪುಣ್ಯವಂತರು. ನಮ್ಮಲ್ಲಿ ಗಿಡ ಉದ್ದ ಆಗುವುದಿಲ್ಲ, ಸೀದು ಹೋಗುತ್ತದೆ. ಏಪ್ರಿಲ್, ಮೇ ಪೂರ್ತಿ ಹಸಿರು ನೆಟ್ ಕೆಳಗೆ ಬಚ್ಚಿಡುತ್ತೇನೆ. ಫೋಟೊ ಹಾಕಿ, ಅದು ನಿಜವಾಗಿ ಬೆಳಕು ಸಾಲದ ಗಿಡವೋ ಅಥವಾ ಹುಟ್ಟಾ ಉದ್ದ ಬೆಳೆಯುವ ಜಾತಿಯೋ ನೋಡೋಣ. ಘೋಸ್ಟ್ ಪ್ಲಾಂಟ್ ಅಂತ ಮಾರುತ್ತಾರಲ್ಲ, ಗ್ರಾಪ್ಟೊಪೆಟಾಲಂ, ಅದು ಎಷ್ಟೇ ಬಿಸಿಲಿದ್ದರೂ ಕಾಂಡ ಬಿಟ್ಟು ಜೋಲುತ್ತದೆ. ಅದಕ್ಕೆ ಚಿಕಿತ್ಸೆ ಬೇಡ, ತೂಗುಕುಂಡ ಸಾಕು.

ಮೂರನೇ ಮಹಡಿ, ಜುಲೈ 9

ಫೋಟೊ ಹಾಕಿದ್ದೇನೆ. ಕೆಳಗಿನ ಎಲೆಗಳು ಒಣಗಿ ಉದುರಿಲ್ಲ. ಎಲೆ ಎಲೆಯ ನಡುವೆಯೇ ಅಂತರ ಬಂದಿದೆ. ಇಡೀ ಗಿಡ ರಸ್ತೆ ಕಡೆ ಬಾಗಿದೆ.

ಬಿಸಿಲೂರು, ಜುಲೈ 9

ಹಾಗಾದರೆ ಅನುಮಾನವೇ ಇಲ್ಲ, ಬೆಳಕಿನ ಹಸಿವು. ವಯಸ್ಸಾಗಿ ಕಾಂಡ ಬಿಟ್ಟ ಗಿಡದಲ್ಲಿ ಕೆಳಗೆ ಎಲೆ ಉದುರಿದ ಗುರುತು ಒತ್ತೊತ್ತಾಗಿ ಇರುತ್ತದೆ, ಮೇಲಿನ ತಲೆ ಬಿಗಿಯಾಗಿರುತ್ತದೆ. ನಿಮ್ಮದರಲ್ಲಿ ಎಲೆಗಳು ಕೊಡೆ ಮಡಚಿದ ಹಾಗೆ ಕೆಳಕ್ಕೆ ಬಾಗಿವೆ. ಹೆಚ್ಚು ಬೆಳಕು ಹಿಡಿಯಲು ಮೈ ಬಿಚ್ಚಿಕೊಂಡಿದೆ, ಅಷ್ಟೇ.

ಹೊಸಬಳು (ಹಾಸನ), ಜುಲೈ 9

ಒಂದು ಪ್ರಶ್ನೆ. ಉದ್ದ ಆಗಿದ್ದನ್ನು ಈಗ ಬಿಸಿಲಿಗಿಟ್ಟರೆ ಮತ್ತೆ ಗಿಡ್ಡ ಆಗುತ್ತದಾ?

ಹಳೇ ತಾರಸಿ (ಮೈಸೂರು), ಜುಲೈ 9

ಆಗುವುದಿಲ್ಲಮ್ಮ. ಹಿಗ್ಗಿದ ಕಾಂಡ ಕುಗ್ಗುವುದಿಲ್ಲ. ಬೆಳಕು ಕಡಿಮೆ ಬೀಳುವ ಕಡೆ ಆಕ್ಸಿನ್ ಎಂಬ ರಸ ಸೇರಿ ಅಲ್ಲಿನ ಕೋಶಗಳನ್ನು ಎಳೆದು ಉದ್ದ ಮಾಡುತ್ತದೆ. ಅದಕ್ಕೇ ಗಿಡ ಬೆಳಕಿನತ್ತ ವಾಲುವುದು. ಒಳ್ಳೆಯ ಬೆಳಕು ಸಿಕ್ಕರೆ ಇನ್ನು ಮುಂದೆ ಬರುವ ಎಲೆಗಳು ಒತ್ತಾಗಿ ಬರುತ್ತವೆ, ಹಳೇ ಕತ್ತು ಹಾಗೇ ಉಳಿಯುತ್ತದೆ. ಕಡ್ಡಿ ಮೇಲೆ ಕೋಸು ಇಟ್ಟ ಹಾಗೆ ಕಾಣುತ್ತದೆ. ಅದು ಬೇಡ ಎಂದರೆ ಕತ್ತರಿಸಲೇಬೇಕು.

ಮೂರನೇ ಮಹಡಿಯವರೇ, ನಿಮಗೆ ಎರಡು ಪ್ರಶ್ನೆ. ಚೆಂದ ಇದ್ದದ್ದು ಯಾವ ತಿಂಗಳು, ಕೆಟ್ಟದ್ದು ಯಾವ ತಿಂಗಳು? ಪ್ರತಿ ವರ್ಷವೂ ಅದೇನಾ? ಇನ್ನೊಂದು, ಈಗ ಬಾಲ್ಕನಿಯಲ್ಲಿ ನಿಮ್ಮ ಕೈ ಚಾಚಿದರೆ ನೆರಳು ಬೀಳುತ್ತದಾ?

ಮೂರನೇ ಮಹಡಿ, ಜುಲೈ 9

ಸರ್, ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಚೆಂದ. ಏಪ್ರಿಲ್ ಕೊನೆಯಿಂದ ಕೆಡುತ್ತದೆ. ಪ್ರತಿ ವರ್ಷ ಹೀಗೇ. ನೆರಳು ನಾಳೆ ನೋಡಿ ಹೇಳುತ್ತೇನೆ.

ಹಳೇ ತಾರಸಿ, ಜುಲೈ 9

ನಾನು ಸರ್ ಅಲ್ಲಪ್ಪ, ಅಜ್ಜಿ. 32 ವರ್ಷ ಭೂಗೋಳ ಪಾಠ ಮಾಡಿದವಳು. ಉತ್ತರ ನೀವೇ ಕೊಟ್ಟಿದ್ದೀರಿ.

ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ನಿಮ್ಮ ನೆತ್ತಿಯ ಮೇಲೆ ಸರಿಯಾಗಿ ಬರುತ್ತಾನೆ. ಶೂನ್ಯ ನೆರಳಿನ ದಿನ ಅಂತ ಮಕ್ಕಳು ಕಂಬ ನೆಟ್ಟು ನೋಡುತ್ತಾರಲ್ಲ, ಅದೇ. ಅಲ್ಲಿಂದ ಅವನು ಉತ್ತರಕ್ಕೆ ಸರಿಯುತ್ತಾನೆ. ಆಗಸ್ಟ್ 18ರ ಸುಮಾರಿಗೆ ಮತ್ತೆ ನೆತ್ತಿಗೆ ಬಂದು ದಕ್ಷಿಣಕ್ಕೆ ಇಳಿಯುತ್ತಾನೆ. ಈ ನಡುವಿನ ಸುಮಾರು ನಾಲ್ಕು ತಿಂಗಳು, ಬೆಳಿಗ್ಗೆಯಿಂದ ಸಂಜೆಯವರೆಗೆ, ದಕ್ಷಿಣದ ಗೋಡೆಗೆ ಒಂದೇ ಒಂದು ನೇರ ಕಿರಣ ಬೀಳುವುದಿಲ್ಲ. ಮೋಡ ಇಲ್ಲದಿದ್ದರೂ ಅಷ್ಟೇ. ನೆತ್ತಿ ದಾಟುವ ಮೊದಲೂ ಆಮೇಲೂ ಒಂದಷ್ಟು ದಿನ ನಿಮ್ಮ ಮೇಲಿನ ಮಹಡಿಯ ಸ್ಲ್ಯಾಬ್ ತಡೆಯುತ್ತದೆ. ಅದರ ಮೇಲೆ ಮಳೆಗಾಲದ ಮೋಡ ಬೇರೆ.

ಡಿಸೆಂಬರ್‌ನಲ್ಲಿ ಮಧ್ಯಾಹ್ನದ ಸೂರ್ಯ 54 ಡಿಗ್ರಿಯಷ್ಟು ಎತ್ತರಕ್ಕೇ ನಿಲ್ಲುತ್ತಾನೆ, ಅದೂ ದಕ್ಷಿಣದಲ್ಲಿ. ಓರೆಯಾಗಿ ನಿಮ್ಮ ಬಾಲ್ಕನಿ ಒಳಕ್ಕೇ ಬರುತ್ತಾನೆ. ಗಿಡಕ್ಕೆ ಗುಲಾಬಿ ಬಣ್ಣ ಬಂದದ್ದು ಅದಕ್ಕೆ.

ಆ ವೀಡಿಯೊಗಳನ್ನು ಮಾಡಿದವರು ಯಾವ ಊರಿನವರು ನೋಡಿ.

ಚಿಕಾಗೋ ಚಳಿ, ಜುಲೈ 10

ಅಜ್ಜಿ, ನಾನು ಅಲ್ಲೇ ಇರುವವಳು! ಇಲ್ಲಿ 42 ಡಿಗ್ರಿ ಉತ್ತರ. ಸೂರ್ಯ ಯಾವತ್ತೂ ನೆತ್ತಿ ದಾಟುವುದೇ ಇಲ್ಲ, ಮಧ್ಯಾಹ್ನ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ. ಅದಕ್ಕೇ ನಮಗೆ ದಕ್ಷಿಣದ ಕಿಟಕಿ ಚಿನ್ನ. ನಮ್ಮ ಗಿಡಗಳು ಉದ್ದ ಆಗುವುದು ನವೆಂಬರ್‌ನಿಂದ ಫೆಬ್ರವರಿವರೆಗೆ. ದಿನ ಚಿಕ್ಕದು, ಹೊರಗೆ ಹಿಮ, ಕುಂಡಗಳೆಲ್ಲ ಮನೆಯೊಳಗೆ. ಹೀಟರ್ ಬಿಸಿಗೆ ಗಿಡ ಬೆಳೆಯುತ್ತಲೇ ಇರುತ್ತದೆ, ಬೆಳಕು ಮಾತ್ರ ಇಲ್ಲ. ನಾನು ನವೆಂಬರ್‌ನಲ್ಲಿ ನೀರನ್ನು ತಿಂಗಳಿಗೊಮ್ಮೆಗೆ ಇಳಿಸುತ್ತೇನೆ. ಬೆಳೆಯಲು ನೀರಿಲ್ಲದಿದ್ದರೆ ಉದ್ದವೂ ಕಡಿಮೆ ಆಗುತ್ತದೆ.

ಹೋದ ಸಲ ಊರಿಗೆ ಬಂದಾಗ ಅಮ್ಮನಿಗೂ ದಕ್ಷಿಣದ ಕಿಟಕಿಯಲ್ಲಿಡು ಅಂತ ಬುದ್ಧಿ ಹೇಳಿ ಬಂದಿದ್ದೆ. ಇವತ್ತೇ ಫೋನ್ ಮಾಡಬೇಕು.

ಮೆಲ್ಬರ್ನ್ ಹಿತ್ತಲು, ಜುಲೈ 10

ನಮ್ಮಲ್ಲಿ ಇದೆಲ್ಲಾ ತಲೆಕೆಳಗು. ಇಲ್ಲಿ ಬಿಸಿಲು ಬರುವುದು ಉತ್ತರದ ಕಿಟಕಿಗೆ, ಚಳಿಗಾಲ ಅಂದರೆ ಈಗ ಜುಲೈ. ಬಂದ ಹೊಸತರಲ್ಲಿ ನಾನೂ ದಕ್ಷಿಣದ ಕಿಟಕಿ ಹುಡುಕಿ ಗಿಡ ಇಟ್ಟು, ಹುರುಳಿಕಾಯಿ ಬಳ್ಳಿ ಥರ ಎಳೆಸಿದ್ದೆ.

ಮೂರನೇ ಮಹಡಿ, ಜುಲೈ 10

ಅಜ್ಜಿ, ನೋಡಿದೆ. ಬೆಳಿಗ್ಗೆ 8ಕ್ಕೆ ಮೋಡ ಸರಿದು ಬಿಸಿಲು ಬಂತು. ಬಾಲ್ಕನಿಯಲ್ಲಿ ಕೈ ಚಾಚಿದರೆ ನೆರಳೇ ಇಲ್ಲ, ಬರೀ ಮಬ್ಬು. ಹಿಂದುಗಡೆ ಯುಟಿಲಿಟಿಗೆ ಹೋದರೆ, ಅದು ಉತ್ತರಕ್ಕೆ ಇರುವುದು, ವಾಷಿಂಗ್ ಮೆಷಿನ್ ಮೇಲೆ ಗ್ರಿಲ್‌ನ ನೆರಳು ಗೆರೆ ಎಳೆದ ಹಾಗೆ ಬಿದ್ದಿದೆ! ಫೋನಿನಲ್ಲಿ ಬೆಳಕು ಅಳೆಯುವ ಆ್ಯಪ್ ಹಾಕಿಕೊಂಡು ನೋಡಿದೆ. ಬಾಲ್ಕನಿ 1,800 ಲಕ್ಸ್. ಯುಟಿಲಿಟಿ 40,000ಕ್ಕೂ ಮೇಲೆ.

ಇದನ್ನು ಅಮ್ಮನಿಗೆ ತೋರಿಸಲು ಹೋದರೆ ಅವರು ನಕ್ಕರು. "ಮೇ ತಿಂಗಳಲ್ಲಿ ಸಂಡಿಗೆ ಎಲ್ಲಿ ಒಣಗಿಸುತ್ತೇನೆ? ಹಿಂದುಗಡೆ. ಡಿಸೆಂಬರ್‌ನಲ್ಲಿ ಬಟ್ಟೆ ಎಲ್ಲಿ ಹಾಕುತ್ತೇನೆ? ಮುಂದುಗಡೆ. ಕೇಳಿದ್ದರೆ ಹೇಳುತ್ತಿದ್ದೆ" ಅಂದರು. ಮೂರು ವರ್ಷ ವೀಡಿಯೊ ನೋಡಿದ್ದೇ ಬಂತು.

ಬಿಸಿಲೂರು, ಜುಲೈ 10

😂 ಅಮ್ಮನಿಗೆ ಒಂದು ಚಾನೆಲ್ ಮಾಡಿಕೊಡಿ.

ಬಟ್ಟಲು ತೋಟ (ಬೆಂಗಳೂರು), ಜುಲೈ 10

ಉತ್ತರದಲ್ಲಿಟ್ಟರೆ ಕುಬೇರನ ದಿಕ್ಕೂ ಆಯಿತು, ಒಳ್ಳೆಯದೇ. ಅಂದಹಾಗೆ ಸಕ್ಯುಲೆಂಟ್‌ಗಳನ್ನು ಮಲಗುವ ಕೋಣೆಯಲ್ಲಿಡಬೇಕು, ರಾತ್ರಿ ಆಕ್ಸಿಜನ್ ಬಿಡುತ್ತವೆ ಅಂತ ಓದಿದ್ದೆ. ಹಾಗೆ ಮಾಡಿದರೆ ಬೆಳಕು ಸಾಲುವುದಿಲ್ಲವಲ್ಲ?

ಹಳೇ ತಾರಸಿ, ಜುಲೈ 10

ವಾಟ್ಸಾಪ್ ಮಾತು ಅದು. ಇವು ರಾತ್ರಿ ಎಲೆಯ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆಳೆದು ಇಟ್ಟುಕೊಳ್ಳುತ್ತವೆ, ಅದು ನಿಜ. ಒಣ ನಾಡಿನ ಗಿಡ, ಹಗಲು ತೆರೆದರೆ ನೀರು ಆವಿಯಾಗಿ ಹೋಗುತ್ತದೆ ಅಂತ ಆ ಉಪಾಯ. ಆದರೆ ಆಕ್ಸಿಜನ್ ಮಾಡಲು ಬೆಳಕು ಬೇಕೇ ಬೇಕು, ಆ ಕೆಲಸ ಹಗಲಿನದೇ. ಕತ್ತಲೆ ಕೋಣೆಯಲ್ಲಿಟ್ಟರೆ ನಿಮಗೂ ಲಾಭವಿಲ್ಲ, ಗಿಡಕ್ಕೂ ಇಲ್ಲ.

ಮಳೆ ಸಾಗರ (ಸಾಗರ), ಜುಲೈ 11

ನಿಮ್ಮ ಉತ್ತರ, ದಕ್ಷಿಣ ಎಲ್ಲ ಓದಿ ಹೊಟ್ಟೆಕಿಚ್ಚಾಯಿತು. ನಮ್ಮಲ್ಲಿ ಪುನರ್ವಸು ಮಳೆ ಹಿಡಿದಿದೆ. ಸೂರ್ಯ ಯಾವ ದಿಕ್ಕಿನಲ್ಲಿದ್ದಾನೆ ಅಂತ ನೋಡಿ ಮೂರು ವಾರ ಆಯಿತು. ಮನೆ ಸುತ್ತ ಅಡಿಕೆ ತೋಟ ಬೇರೆ.

ನಾನು ಮಾಡಿದ್ದನ್ನು ಹೇಳುತ್ತೇನೆ. ಜಗುಲಿಯ ಶೆಲ್ಫ್‌ಗೆ 20 ವಾಟ್‌ನ ಸಾದಾ ಬಿಳಿ ಎಲ್‌ಇಡಿ ಟ್ಯೂಬ್ ಎರಡೆರಡು ಕಟ್ಟಿದೆ. ಗಿಡದ ತಲೆಯಿಂದ ಟ್ಯೂಬಿಗೆ ಒಂದು ಗೇಣಿಗಿಂತ ಜಾಸ್ತಿ ದೂರ ಬಿಡಬೇಡಿ. ದೂರ ಆದಷ್ಟೂ ಬೆಳಕು ಬೇಗ ಇಳಿದುಹೋಗುತ್ತದೆ. ದಿನಕ್ಕೆ 12 ಗಂಟೆ ಉರಿಸುತ್ತೇನೆ. ನೇರಳೆ ಬಣ್ಣದ ದೀಪವೇ ಬೇಕು ಅಂತೇನೂ ಇಲ್ಲ. ಕರೆಂಟ್ ಹೋದರೆ ಮಾತ್ರ ದೇವರೇ ಗತಿ, ನಮ್ಮಲ್ಲಿ ಗಾಳಿಮಳೆಗೆ ಹೋದರೆ ಎರಡು ದಿನ ಬರುವುದಿಲ್ಲ. ಆಗ ನೀರು ಪೂರ್ತಿ ನಿಲ್ಲಿಸಿಬಿಡುತ್ತೇನೆ.

ಅಷ್ಟೆಲ್ಲಾ ಪಾಡು ಬೇಡ ಅನ್ನುವವರು ಹವೋರ್ತಿಯಾ, ಗ್ಯಾಸ್ಟೀರಿಯಾ ಸಾಕಿ. ಅವು ತಮ್ಮ ಊರಾದ ದಕ್ಷಿಣ ಆಫ್ರಿಕಾದಲ್ಲೂ ಪೊದೆಯ ಅಡಿ, ಕಲ್ಲಿನ ಸಂದಿಯಲ್ಲಿ ಬೆಳೆಯುವಂಥವು. ಮಬ್ಬು ಬೆಳಕಿಗೆ ತಡೆಯುತ್ತವೆ. ಎಚೆವೇರಿಯಾ ಮೆಕ್ಸಿಕೋದ ಗುಡ್ಡದ ಬಂಡೆ ಮೇಲಿನ ಗಿಡ. ನಮ್ಮ ಮಲೆನಾಡಿನ ಆಷಾಢಕ್ಕೆ ಬಂದು ಸಿಕ್ಕಿಕೊಂಡಿದೆ ಪಾಪ.

ಹೊಸಬಳು, ಜುಲೈ 11

ನಮ್ಮ ಹಿತ್ತಲ ಕಾಡುಬಸಳೆ ಮಾತ್ರ ನೆರಳಿರಲಿ, ಮಳೆ ಇರಲಿ ಎಲೆ ಬಿದ್ದಲ್ಲೆಲ್ಲ ಮರಿ ಹಾಕುತ್ತದೆ. ಅದೂ ಸಕ್ಯುಲೆಂಟೇ ಅಲ್ವಾ?

ಮಳೆ ಸಾಗರ, ಜುಲೈ 11

ಹೌದು. ಎಚೆವೇರಿಯಾದ ಮನೆತನವೇ. ಅದರ ತವರು ಮಡಗಾಸ್ಕರ್. ಆದರೂ ಈಗ ನಮ್ಮೂರ ಬೇಲಿಯದೇ ಗಿಡ ಅನ್ನಿಸುವಷ್ಟು ಒಗ್ಗಿಹೋಗಿದೆ.

ಮೂರನೇ ಮಹಡಿ, ಜುಲೈ 12

ಜಾಗದ ವಿಷಯ ಅರ್ಥ ಆಯಿತು. ಹಾಗಾದರೆ ಈ ಭಾನುವಾರ ಕತ್ತರಿಸಿ ಯುಟಿಲಿಟಿಯಲ್ಲಿಡಲಾ?

ಗುಂಡಿಗೆ ಗೊಬ್ಬರ, ಜುಲೈ 12

ಕತ್ತರಿಸಿ ಆ ಕಡೆ ಇಡಿ. ಗಾಯಕ್ಕೆ ಅರಿಶಿನ ಹಚ್ಚಿ. ಏನೂ ಆಗಲ್ಲ.

ಮಳೆ ಸಾಗರ, ಜುಲೈ 12

ಬೇಡ ಬೇಡ! ಹೋದ ವರ್ಷ ಜೂನ್‌ನಲ್ಲಿ ಆರು ತಲೆ ಕತ್ತರಿಸಿದೆ, ನಾಲ್ಕು ಕೊಳೆತವು. ಅರಿಶಿನವೂ ಹಚ್ಚಿದ್ದೆ, ದಾಲ್ಚಿನ್ನಿ ಪುಡಿಯೂ ಹಚ್ಚಿದ್ದೆ. ಗಾಳಿಯಲ್ಲೇ ನೀರಿರುವಾಗ ಗಾಯ ಒಣಗುವುದೇ ಇಲ್ಲ.

ಬಿಸಿಲೂರು, ಜುಲೈ 12

ಅಕ್ಕ, ಸಾಗರದ ಮಳೆಗೂ ಬೆಂಗಳೂರಿನ ಜುಲೈಗೂ ಹೋಲಿಕೆ ಇಲ್ಲ. ಅಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ, ಫ್ಯಾನ್ ಕೆಳಗಿಟ್ಟರೆ ಒಣಗುತ್ತದೆ. ಕತ್ತರಿಸಬಹುದು.

ಹಳೇ ತಾರಸಿ, ಜುಲೈ 13

ಒಣಗುತ್ತದೆ, ಆದರೂ ನಾನು ಕಾಯಿರಿ ಎನ್ನುತ್ತೇನೆ. ಕಾರಣ ಬೇರೆ. ಈ ಗಿಡ ಎರಡು ಮೂರು ತಿಂಗಳಿಂದ ಉಪವಾಸ. ಮೈಯಲ್ಲಿ ಕೂಡಿಟ್ಟದ್ದನ್ನೆಲ್ಲ ಕತ್ತು ಬೆಳೆಸಲು ಖರ್ಚು ಮಾಡಿದೆ. ಕತ್ತರಿಸಿದ ತಲೆ ಬೇರು ಬಿಡುವುದು ಎಲೆಯಲ್ಲಿರುವ ದಾಸ್ತಾನಿನಿಂದ. ಮೊದಲು ಆರು ವಾರ ಹೊಸ ಜಾಗದಲ್ಲಿ ಹೊಟ್ಟೆ ತುಂಬಿಸಿಕೊಳ್ಳಲಿ. ಹೊಸ ಎಲೆ ಒತ್ತಾಗಿ ಬರುತ್ತಿದೆಯಾ ನೋಡಿ. ಬಂದರೆ ಜಾಗ ಸರಿಯಿದೆ ಎಂದು ಖಾತ್ರಿ. ಆಮೇಲೆ ಕತ್ತರಿ ಹಿಡಿಯಿರಿ. ಜಾಗ ಸರಿಯಾಗದೆ ಕತ್ತರಿಸುವುದನ್ನು ನೀವು ಎರಡು ಸಲ ಮಾಡಿಯಾಗಿದೆ.

ಮತ್ತೆ, ಒಂದೇ ದಿನ ಬಿಸಿಲಿಗೆ ಒಡ್ಡಬೇಡಿ. ಮಬ್ಬಿನಲ್ಲಿ ಬೆಳೆದ ಎಲೆ ತೆಳ್ಳಗಿರುತ್ತದೆ, ಸುಡುತ್ತದೆ. ಸುಟ್ಟ ಕಲೆ ಎಲೆ ಉದುರುವವರೆಗೂ ಹೋಗುವುದಿಲ್ಲ. ಮೊದಲ ವಾರ ಒಂದು ಗಂಟೆ ಬಿಸಿಲು, ಎರಡನೇ ವಾರ ಎರಡು ಗಂಟೆ, ಆಮೇಲೆ ಬಿಟ್ಟುಬಿಡಿ. ಹಳೇ ಕಾಟನ್ ಪಂಚೆ ಒಂದು ಪದರ ಅಡ್ಡ ಕಟ್ಟಿದರೂ ನಡೆಯುತ್ತದೆ.

ಚಿಕಾಗೋ ಚಳಿ, ಜುಲೈ 13

ನಾವು ಇಲ್ಲಿ ವಸಂತದಲ್ಲಿ ಮಾತ್ರ ಕತ್ತರಿಸುತ್ತೇವೆ. ಆದರೆ ನಿಮ್ಮಲ್ಲಿ ಏಪ್ರಿಲ್‌ನಲ್ಲಿ ಕತ್ತರಿಸಿದರೆ ಮುಂದೆ ಮಳೆಗಾಲ. ಅಜ್ಜಿ ಹೇಳಿದ ಲೆಕ್ಕವೇ ಸರಿ. ಇನ್ನು ಮೇಲೆ ನಾನು ಈ ವೇದಿಕೆಯಲ್ಲಿ ತಿಂಗಳ ಹೆಸರು ಹೇಳಿ ಸಲಹೆ ಕೊಡುವುದಿಲ್ಲ.

ಒಂದು ಸುಮ್ನೆ ಮಾತು: ಈ ಗಿಡದ ಹೆಸರು ಒಬ್ಬ ಚಿತ್ರಕಾರನದು. ಅತನಾಸಿಯೋ ಎಚೆವೆರಿಯಾ ಎಂಬ ಮೆಕ್ಸಿಕೋದವನು 18ನೇ ಶತಮಾನದಲ್ಲಿ ಅಲ್ಲಿನ ಗಿಡಗಳ ಚಿತ್ರ ಬರೆದ. 1828ರಲ್ಲಿ ಅವನ ಹೆಸರನ್ನೇ ಈ ಕುಲಕ್ಕೆ ಇಟ್ಟರು. ಅವನು ಬರೆದ ಚಿತ್ರದಲ್ಲಿ ಜಿರಾಫೆ ಇರಲಿಕ್ಕಿಲ್ಲ ಬಿಡಿ.

ಮೂರನೇ ಮಹಡಿ, ಆಗಸ್ಟ್ 27

ತಡವಾಯಿತು. ಅಜ್ಜಿ ಹೇಳಿದ ಹಾಗೇ ಮಾಡಿದೆ. ಹೊಸದಾಗಿ ಏಳು ಎಲೆ ಬಂದಿವೆ. ಒತ್ತಾಗಿ, ಮೇಲ್ಮುಖವಾಗಿ! ಉದ್ದ ಕಡ್ಡಿಯ ಮೇಲೆ ಪುಟ್ಟ ಬಿಗಿ ತಲೆ. ಕೋಸು ಅಂದದ್ದು ಸರಿಯಾಗಿದೆ. ಒಂದೆರಡು ಹಳೇ ಎಲೆ ಸುಟ್ಟವು, ಒಂದು ದಿನ ಪಂಚೆ ಹಾಕಲು ಮರೆತಿದ್ದೆ.

ಒಂದು ತೊಂದರೆ. ಎಲೆ ಬುಡದಲ್ಲಿ ಬಿಳಿ ಹತ್ತಿಯ ಥರ ಏನೋ ಇದೆ.

ಬಿಸಿಲೂರು, ಆಗಸ್ಟ್ 27

ಹಿಟ್ಟು ತಿಗಣೆ. ಉದ್ದ ಆಗಿ ಸೊರಗಿದ ಗಿಡಕ್ಕೆ ಬೇಗ ಹತ್ತುತ್ತದೆ. ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಕಿವಿ ಬಡ್ಸ್ ಅದ್ದಿ ಒಂದೊಂದನ್ನೂ ಮುಟ್ಟಿ, ಕರಗಿಹೋಗುತ್ತದೆ. ಸಂಜೆ ಮಾಡಿ, ವಾರ ಬಿಟ್ಟು ಮತ್ತೊಮ್ಮೆ. ಬೇವಿನೆಣ್ಣೆ ಸುರಿಯಬೇಡಿ, ಎಲೆ ಮೇಲಿನ ಬೂದಿ ಬಣ್ಣದ ಪುಡಿ ಹೋಗುತ್ತದೆ. ಅದು ಗಿಡವೇ ಹಚ್ಚಿಕೊಂಡ ಸನ್‌ಸ್ಕ್ರೀನ್.

ಮೂರನೇ ಮಹಡಿ, ಸೆಪ್ಟೆಂಬರ್ 21

ತಿಗಣೆ ಹೋಯಿತು. ಇವತ್ತು ಕತ್ತರಿಸುತ್ತಿದ್ದೇನೆ. ಈ ಸಲ ಸರಿಯಾಗಿ ಹೇಳಿಕೊಡಿ, ಹಿಂದಿನ ಎರಡು ಸಲ ಬುಡ ಸತ್ತೇಹೋಗಿತ್ತು.

ಹಳೇ ತಾರಸಿ, ಸೆಪ್ಟೆಂಬರ್ 21

ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಿ. ತಲೆಯ ಕೆಳಗೆ ಎರಡು ಬೆರಳಗಲ ಕಾಂಡ ಉಳಿಯುವ ಹಾಗೆ ಕತ್ತರಿಸಿ. ಕತ್ತರಿಸಿದ ಜಾಗ ನೋಡಿ, ಒಳಗೆ ತಿಳಿ ಹಸಿರೋ ಬಿಳಿಯೋ ಇರಬೇಕು. ಕಂದು ಚುಕ್ಕೆ ಕಂಡರೆ ಕೊಳೆ, ಶುದ್ಧ ಕಾಣುವವರೆಗೂ ಮೇಲೆ ಮೇಲೆ ಕತ್ತರಿಸುತ್ತಾ ಹೋಗಿ. ತಲೆಯನ್ನು ಖಾಲಿ ಲೋಟದ ಬಾಯಿ ಮೇಲೆ ಕೂರಿಸಿ ನೆರಳಿನಲ್ಲಿಡಿ. ಐದಾರು ದಿನಕ್ಕೆ ಗಾಯ ಹಕ್ಕಳೆ ಕಟ್ಟಿದಂತೆ ಗಟ್ಟಿಯಾಗುತ್ತದೆ. ಅರಿಶಿನ ಹಚ್ಚಿದರೆ ತೊಂದರೆ ಇಲ್ಲ, ಆದರೆ ಗಾಯ ಮುಚ್ಚುವುದು ಒಣ ಗಾಳಿಯೇ.

ಆಮೇಲೆ ಒಣ ಮಣ್ಣಿನ ಮೇಲೆ ಕೂರಿಸಿ. ಬೇರು ಬರುವವರೆಗೆ ನೀರು ಬೇಡ. ಎರಡು ಮೂರು ವಾರಕ್ಕೆ ತಲೆಯನ್ನು ಮೆಲ್ಲಗೆ ಎತ್ತಿದರೆ ಮಣ್ಣು ಹಿಡಿದುಕೊಂಡಿರುತ್ತದೆ, ಆಗ ಒಮ್ಮೆ ಹಾಕಿ. ಮಣ್ಣಿಗೆ ಕೆಂಪು ಮಣ್ಣು ಒಂದು ಪಾಲು, ಜರಡಿ ಹಿಡಿದ ಇಟ್ಟಿಗೆ ಚೂರು ಅಥವಾ ಸಣ್ಣ ಜಲ್ಲಿ ಎರಡು ಪಾಲು, ಎರೆಗೊಬ್ಬರ ಅರ್ಧ ಪಾಲು. ಹಳೇ ಮಂಗಳೂರು ಹೆಂಚು ಸಿಕ್ಕರೆ ಕುಟ್ಟಿ ಹಾಕಿ, ಅದರಷ್ಟು ಚೆನ್ನಾಗಿ ನೀರು ಹೀರಿ ಬಿಡುವುದು ಬೇರೆ ಇಲ್ಲ. ನರ್ಸರಿಯಿಂದ ಬಂದ ಗಿಡಗಳ ಬುಡದಲ್ಲಿ ಬರೀ ತೆಂಗಿನ ನಾರಿನ ಪುಡಿ ಇರುತ್ತದೆ, ಅದನ್ನು ಬಿಡಿಸಿ ತೆಗೆಯಿರಿ.

ಬುಡ ಸತ್ತದ್ದು ಯಾಕೆ ಎಂದರೆ ನೀವು ಎಲೆ ಒಂದೂ ಉಳಿಸಿರಲಿಲ್ಲ ಅನಿಸುತ್ತದೆ. ಮೂರು ನಾಲ್ಕು ಎಲೆ ಇರುವ ಹಾಗೆ ಬಿಡಿ, ಬಿಸಿಲಿನಲ್ಲೇ ಇಡಿ, ನೀರು ತೀರಾ ಕಡಿಮೆ. ಎಲೆ ಇಲ್ಲದ ಕಡ್ಡಿ ನೀರು ಕುಡಿಯುವುದಿಲ್ಲ, ನೀವು ಹಾಕುತ್ತಾ ಹೋದರೆ ಕೊಳೆಯುತ್ತದೆ.

ತಲೆಗೂ ಬುಡಕ್ಕೂ ನಡುವಿನ ಕಾಂಡದ ಎಲೆಗಳನ್ನು ಹಿಡಿದು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ, ಬುಡ ಸಮೇತ ಕಳಚಬೇಕು. ಅರ್ಧಕ್ಕೆ ಮುರಿದ ಎಲೆಯಿಂದ ಮರಿ ಬರುವುದಿಲ್ಲ. ತಟ್ಟೆಯಲ್ಲಿ ಹರಡಿ ಮರೆತುಬಿಡಿ.

ಮೂರನೇ ಮಹಡಿ, ನವೆಂಬರ್ 9

ತಲೆ: ಬೇರು ಬಿಟ್ಟು ಗಟ್ಟಿಯಾಗಿ ಕೂತಿದೆ. ಬುಡ: ಬದುಕಿದೆ, ನಾಲ್ಕು ಮರಿ ಇಣುಕುತ್ತಿವೆ. ಎಲೆಗಳು: 14ರಲ್ಲಿ 9ಕ್ಕೆ ಗುಲಾಬಿ ಬೇರು, ಅದರಲ್ಲಿ 6ಕ್ಕೆ ಸಾಸಿವೆ ಕಾಳಿನಷ್ಟು ಮರಿ. ಜಿರಾಫೆಗೆ ಈಗ ಕತ್ತೇ ಇಲ್ಲ.

ಯುಟಿಲಿಟಿಯಲ್ಲಿ ಬಿಸಿಲು ನಿಂತು ತಿಂಗಳ ಮೇಲಾಯಿತು. ಬಾಲ್ಕನಿಗೆ ಬರುತ್ತಿದೆ, ಹೋದ ವಾರ ಕಟಕಟೆ ಮೇಲೆ ನೆರಳು ನೋಡಿದೆ. ಎಲ್ಲಾ ಕುಂಡಗಳನ್ನು ಮುಂದಕ್ಕೆ ಸಾಗಿಸಬೇಕು.

ಹೊಸಬಳು, ನವೆಂಬರ್ 9

ಎಲೆ ಮರಿ ಒಂದು ನನಗೆ! ಜನವರಿ ಫ್ಲವರ್ ಶೋಗೆ ಬರುತ್ತೇನೆ.

ಮೂರನೇ ಮಹಡಿ, ನವೆಂಬರ್ 9

ಖಂಡಿತ ಕೊಡುತ್ತೇನೆ. ಮೊದಲು ಜಾಗದ ತಕರಾರು ಮುಗಿಯಲಿ. ಈಗ ಹೋಗಿ ನೋಡಿದರೆ ಬಾಲ್ಕನಿಯ ಕಟಕಟೆ ಉದ್ದಕ್ಕೂ ಅಮ್ಮ ಮೆಂತ್ಯ, ಕೊತ್ತಂಬರಿ ಬಿತ್ತಿದ ಟ್ರೇ ಜೋಡಿಸಿಬಿಟ್ಟಿದ್ದಾರೆ. "ಬಿಸಿಲು ಬರುತ್ತದೆ ಅಂತ ನೀನೇ ಹೇಳಿದೆಯಲ್ಲ" ಅನ್ನುತ್ತಿದ್ದಾರೆ.